ಸೆಲ್: ಒಂದು ಪುಟ್ಟ ಕೋಣೆಯ ಕಥೆ

ಇಂದಿನ ಭಾಷಣದ ವಿಷಯ ಒಂದೇ ಒಂದು ಪದ. ಅದು ಎರಡಕ್ಷರದ ಪುಟ್ಟ ಪದ, 'ಸೆಲ್'. ನಮ್ಮ ಜೇಬಿನಲ್ಲಿಯೋ ಕೈಚೀಲದಲ್ಲಿಯೋ ಸದಾ ಇರುವ ಸೆಲ್ ಫೋನಿನ ಹೆಸರಿನ ಮೊದಲ ಭಾಗ. ಇಷ್ಟು ಚಿಕ್ಕ ಪದದ ಬಗ್ಗೆ ಹೇಳುವುದಕ್ಕೆ ಏನಿದೆ ಎಂದು ನಿಮಗೆ ಅನ್ನಿಸಬಹುದು. ನನಗೂ ಹಾಗೆಯೇ ಅನ್ನಿಸಿತ್ತು, ಒಬ್ಬ ವಿದ್ಯಾರ್ಥಿನಿ ನನ್ನನ್ನು ಎದ್ದು ನಿಂತು ಕೇಳುವವರೆಗೆ.

ಕೆಲವು ವರ್ಷಗಳ ಹಿಂದಿನ ಮಾತು. ಪಿಯುಸಿ ತರಗತಿಯಲ್ಲಿ ಪದಗಳ ವ್ಯುತ್ಪತ್ತಿಯನ್ನು ಕುರಿತು ಪಾಠ ಮಾಡುತ್ತಿದ್ದೆ. ಗ್ರೀಕ್ ಭಾಷೆಯಲ್ಲಿ 'ಟೆಲಿ' ಎಂದರೆ ದೂರ, 'ಫೋನ್' ಎಂದರೆ ಧ್ವನಿ. ಆದ್ದರಿಂದಲೇ ಕನ್ನಡದಲ್ಲಿ 'ದೂರವಾಣಿ' ಎಂದು ವಿವರಿಸಿದೆ. ಅದೇ ಉತ್ಸಾಹದಲ್ಲಿ, "ಹಾಗಾದರೆ ಸೆಲ್ ಫೋನ್ ಅಂತೀವಲ್ಲ, ಅದರಲ್ಲಿ ಸೆಲ್ ಅಂದರೇನು?" ಎಂದು ಕೇಳಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಅದರೊಳಗೆ ಸೆಲ್ಲು ಇರುತ್ತಲ್ಲ ಸಾರ್, ಅದಕ್ಕೆ" ಎಂದಳು. ತರಗತಿ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. "ತಪ್ಪು, ಕೂತ್ಕೊಳಮ್ಮ" ಎಂದೆ. ಆಕೆ ಕೂರಲಿಲ್ಲ. "ಹಾಗಾದರೆ ಸರಿ ಯಾವುದು ಸಾರ್?" ಎಂದಳು.

ನನ್ನ ಬಳಿ ಉತ್ತರವಿರಲಿಲ್ಲ. ಅಷ್ಟರಲ್ಲಿ ಗಂಟೆ ಹೊಡೆಯಿತು. ಅಂದು ನನ್ನ ಮಾನ ಉಳಿಸಿದ್ದು ಆ ಗಂಟೆ. ಉತ್ತರ ಗೊತ್ತಿಲ್ಲದವನು ಇನ್ನೊಬ್ಬರ ಉತ್ತರವನ್ನು ತಪ್ಪೆಂದು ಹೇಳಿದ್ದು, ಅದೂ ನಕ್ಕು ಹೇಳಿದ್ದು, ನನ್ನನ್ನು ಬಹಳ ದಿನ ಚುಚ್ಚಿತು. ಆಮೇಲೆ ನಾನು ಹುಡುಕಿ ತಿಳಿದುಕೊಂಡದ್ದನ್ನೇ ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ.

ಆ ಹುಡುಗಿಯ ತರ್ಕದಲ್ಲಿ ದೋಷವೇನೂ ಇರಲಿಲ್ಲ ಎಂಬುದನ್ನು ಮೊದಲು ಒಪ್ಪಿಕೊಳ್ಳೋಣ. ನಮ್ಮ ಹಳ್ಳಿಗಳಲ್ಲಿ ಟಾರ್ಚಿಗೆ 'ಬ್ಯಾಟರಿ' ಎನ್ನುತ್ತಾರೆ. ಅದರೊಳಗೆ ಹಾಕುವುದಕ್ಕೆ 'ಸೆಲ್ಲು' ಅಥವಾ 'ಶೆಲ್ಲು' ಎನ್ನುತ್ತಾರೆ. ಸೆಲ್ಲು ಹಾಕಿದ ರೇಡಿಯೋ ಉಂಟು, ಸೆಲ್ಲು ಹಾಕಿದ ಗಡಿಯಾರ ಉಂಟು. ಹಾಗಿದ್ದ ಮೇಲೆ ಸೆಲ್ಲು ಇರುವ ಫೋನು ಸೆಲ್ ಫೋನು ಏಕಾಗಬಾರದು? ಸರಿಯಾದ ಪ್ರಶ್ನೆಯೇ. ಆದರೆ ಪದಗಳು ಯಾವಾಗಲೂ ನಮ್ಮ ತರ್ಕದ ದಾರಿಯಲ್ಲಿ ನಡೆಯುವುದಿಲ್ಲ. ಅವು ನಡೆದ ದಾರಿಯನ್ನು ನಾವೇ ಹಿಂದಕ್ಕೆ ಹೋಗಿ ನೋಡಿಕೊಂಡು ಬರಬೇಕು.

ಉಗ್ರಾಣದಿಂದ ಜೇನುತಟ್ಟಿಗೆ

'ಸೆಲ್' ಪದದ ಮೂಲ ಲ್ಯಾಟಿನ್ ಭಾಷೆಯ 'ಸೆಲ್ಲಾ'. ಪ್ರಾಚೀನ ರೋಮನ್ನರು ಈ ಪದವನ್ನು ಪುಟ್ಟ ಕೋಣೆ ಎಂಬ ಅರ್ಥದಲ್ಲಿ ಬಳಸುತ್ತಿದ್ದರು. ಧಾನ್ಯ, ಎಣ್ಣೆ, ದ್ರಾಕ್ಷಾರಸಗಳನ್ನು ಕೂಡಿಡುವ ಉಗ್ರಾಣ 'ಸೆಲ್ಲಾ'. ದೇವಾಲಯದಲ್ಲಿ ದೇವರ ವಿಗ್ರಹವಿರುವ ಒಳಕೋಣೆಯೂ 'ಸೆಲ್ಲಾ'. ನಮ್ಮ ಗರ್ಭಗುಡಿಯನ್ನು ವಿವರಿಸುವಾಗ ಪಾಶ್ಚಾತ್ಯ ಕಲಾವಿಮರ್ಶಕರು ಇದೇ ಪದವನ್ನು ಬಳಸುವುದುಂಟು. ನೆಲದಡಿಯ ಉಗ್ರಾಣಕ್ಕೆ ಇಂಗ್ಲಿಷಿನಲ್ಲಿರುವ 'ಸೆಲ್ಲರ್' ಎಂಬ ಪದ ಕೂಡ ಈ ಮನೆತನದ್ದೇ.

ಇನ್ನೂ ಹಿಂದಕ್ಕೆ ಹೋದರೆ, 'ಮುಚ್ಚು', 'ಮರೆಮಾಡು' ಎಂಬ ಅರ್ಥದ ಒಂದು ಪ್ರಾಚೀನ ಇಂಡೋ-ಯುರೋಪಿಯನ್ ಧಾತುವಿಗೆ ಭಾಷಾವಿಜ್ಞಾನಿಗಳು ನಮ್ಮನ್ನು ಕರೆದೊಯ್ಯುತ್ತಾರೆ. ಇಂಗ್ಲಿಷಿನ 'ಹಾಲ್' ಆ ಧಾತುವಿನಿಂದ ಬಂದದ್ದು. ಸಂಸ್ಕೃತದ 'ಶಾಲಾ' ಎಂಬ ಪದವನ್ನೂ ಅದೇ ಬೇರಿಗೆ ಸೇರಿಸುವ ವಿದ್ವಾಂಸರಿದ್ದಾರೆ. ಅವರ ಮಾತಿನಂತೆ ನೋಡಿದರೆ, ನೀವು ದಿನವೂ ಹೋಗುವ ಶಾಲೆಗೂ ನಿಮ್ಮ ಜೇಬಿನ ಸೆಲ್ಲಿಗೂ ದೂರದ ನಂಟಸ್ತನವಿದೆ. ಎರಡರ ಮೂಲಾರ್ಥವೂ ಸುತ್ತ ಮರೆಯಿರುವ ಒಂದು ಆಶ್ರಯ.

ಕ್ರೈಸ್ತ ಮಠಗಳು ಬಂದಾಗ ಒಬ್ಬೊಬ್ಬ ಸನ್ಯಾಸಿ ವಾಸಿಸುವ ಕಿರುಕೋಣೆಗೆ ಈ ಹೆಸರಾಯಿತು. ಸೆರೆಮನೆಯ ಕೋಣೆಗೂ ಮುಂದೆ ಇದೇ ಹೆಸರು ಬಂತು. ಜೇನುತಟ್ಟಿಯ ಖಾನೆಗಳಿಗಂತೂ ರೋಮನ್ನರ ಕಾಲದಲ್ಲಿಯೇ ಈ ಪದವಿತ್ತು. ಕ್ರಿಸ್ತಪೂರ್ವ ಒಂದನೆಯ ಶತಮಾನದ ಕವಿ ವರ್ಜಿಲ್ ತನ್ನ 'ಜಾರ್ಜಿಕ್ಸ್' ಕಾವ್ಯದ ನಾಲ್ಕನೆಯ ಭಾಗವನ್ನು ಜೇನುಹುಳುಗಳಿಗೇ ಮೀಸಲಿಟ್ಟಿದ್ದಾನೆ. ಅಲ್ಲಿ ಜೇನು ತುಂಬುವ ಖಾನೆಗಳನ್ನು ಅವನು ಕರೆದದ್ದು ಹೀಗೆಯೇ. ಈ ಜೇನುತಟ್ಟಿಯನ್ನು ದಯವಿಟ್ಟು ನೆನಪಿನಲ್ಲಿಡಿ. ಅದು ನಮ್ಮ ಕಥೆಯಲ್ಲಿ ಮತ್ತೆ ಎರಡು ಸಲ ಬರುತ್ತದೆ.

ಸೂಕ್ಷ್ಮದರ್ಶಕದ ಕೆಳಗೆ

ಮೊದಲ ಸಲ ಅದು ಬಂದದ್ದು 1665ರಲ್ಲಿ. ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ ಆ ವರ್ಷ 'ಮೈಕ್ರೋಗ್ರಾಫಿಯಾ' ಎಂಬ ಗ್ರಂಥವನ್ನು ಪ್ರಕಟಿಸಿದ. ಬಿರಡೆ, ಅಂದರೆ ಕಾರ್ಕಿನ ತೆಳುವಾದ ಸೀಳೊಂದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದಾಗ ಅದು ತುಂಬ ಸಣ್ಣ ಸಣ್ಣ ಖಾನೆಗಳಿಂದ ಕೂಡಿರುವುದು ಅವನಿಗೆ ಕಂಡಿತು. ಅವುಗಳನ್ನು ಅವನು 'ಸೆಲ್' ಎಂದು ಕರೆದ. ಒಂದು ಘನ ಅಂಗುಲದಲ್ಲಿ ಇಂಥವು ಎಷ್ಟಿರಬಹುದೆಂದು ಲೆಕ್ಕ ಹಾಕಿದ. ಬಂದ ಸಂಖ್ಯೆ 125 ಕೋಟಿ 97 ಲಕ್ಷದ 12 ಸಾವಿರ!

ಸನ್ಯಾಸಿಗಳ ಕೋಣೆಯ ನೆನಪಾಗಿ ಹುಕ್ ಈ ಹೆಸರಿಟ್ಟನೆಂದು ಎಷ್ಟೋ ಕಡೆ ಓದುತ್ತೇವೆ. ಆದರೆ ತಾನು ಕಂಡದ್ದನ್ನು ವರ್ಣಿಸುವಾಗ ಅವನು ಹೋಲಿಸಿದ್ದು ಜೇನುತಟ್ಟಿಗೆ. ಇನ್ನೊಂದು ಸಂಗತಿ. ಅವನು ನೋಡಿದ್ದು ಮರದ ಸತ್ತ ತೊಗಟೆಯನ್ನು. ಅವನಿಗೆ ಕಂಡದ್ದು ಬರಿಯ ಗೋಡೆಗಳು, ಒಳಗಿನ ಜೀವವಲ್ಲ. ಎಲ್ಲ ಸಸ್ಯಗಳೂ ಪ್ರಾಣಿಗಳೂ ಇಂತಹ ಘಟಕಗಳಿಂದಲೇ ಆಗಿವೆ ಎಂಬ ಸಿದ್ಧಾಂತವನ್ನು ಜರ್ಮನಿಯ ಶ್ಲೈಡೆನ್ ಮತ್ತು ಶ್ವಾನ್ ಮುಂದಿಟ್ಟದ್ದು 1838-39ರಲ್ಲಿ. ಹೆಸರು ಹುಟ್ಟಿದ ಮೇಲೆ ಅದರ ಒಳಗಿನ ಜೀವ ತಿಳಿಯಲು ಸುಮಾರು 170 ವರ್ಷ ಬೇಕಾಯಿತು.

ಇನ್ನು ಆ ಹುಡುಗಿಯ ಸೆಲ್ಲಿನ ವಿಷಯ. ವೋಲ್ಟಾ 1800ರಲ್ಲಿ ವಿದ್ಯುತ್ಕೋಶಗಳ ಮೊದಲ ಕಂಬವನ್ನು ಕಟ್ಟಿ ತೋರಿಸಿದ ಮೇಲೆ, ಮರದ ತೊಟ್ಟಿಯೊಂದನ್ನು ಲೋಹದ ಫಲಕಗಳಿಂದ ಖಾನೆ ಖಾನೆಯಾಗಿ ವಿಭಾಗಿಸಿ, ಪ್ರತಿ ಖಾನೆಗೂ ದ್ರಾವಣ ತುಂಬಿ ವಿದ್ಯುತ್ ಪಡೆಯುವ ಕ್ರಮ ಬಂತು. ಖಾನೆಯಾದ್ದರಿಂದ ಅದಕ್ಕೂ 'ಸೆಲ್' ಎಂಬ ಹೆಸರು. ಆ ಹೆಸರೇ ಇಂದು ಟಾರ್ಚಿನ ಸೆಲ್ಲಿಗೆ ಉಳಿದಿದೆ. ಅಂದರೆ ಟಾರ್ಚಿನ ಸೆಲ್ಲೂ ಫೋನಿನ ಸೆಲ್ಲೂ ಒಂದೇ ಅಲ್ಲದಿದ್ದರೂ ಒಂದೇ ತಾಯಿಯ ಮಕ್ಕಳು. ಹುಡುಗಿ ಮನೆ ತಪ್ಪಿದ್ದಳು, ಬೀದಿ ತಪ್ಪಿರಲಿಲ್ಲ.

ಒಂದು ಗೋಪುರದ ತೊಂದರೆ

ಈಗ ಫೋನಿಗೆ ಬರೋಣ. 1946ರ ಜೂನ್ 17ರಂದು ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಕಾರಿನಲ್ಲಿ ಕುಳಿತು ಮಾತನಾಡುವ ದೂರವಾಣಿ ಸೇವೆ ಆರಂಭವಾಯಿತು. ಆ ಉಪಕರಣದ ತೂಕ ಸುಮಾರು 36 ಕಿಲೋಗ್ರಾಂ. ಊರಿಗೆಲ್ಲ ಇದ್ದದ್ದು ಆರಂಭದಲ್ಲಿ 3 ರೇಡಿಯೋ ಮಾರ್ಗಗಳು ಮಾತ್ರ. ಅಂದರೆ ಇಡೀ ನಗರದಲ್ಲಿ ಒಮ್ಮೆಗೆ 3 ಸಂಭಾಷಣೆ ನಡೆಯಬಹುದಿತ್ತು, ನಾಲ್ಕನೆಯವನು ಕಾಯಬೇಕಿತ್ತು. ಮೂವತ್ತು ವರ್ಷ ಕಳೆದರೂ ಪರಿಸ್ಥಿತಿ ಹೆಚ್ಚೇನೂ ಬದಲಾಗಲಿಲ್ಲ. 1976ರಲ್ಲಿ ನ್ಯೂಯಾರ್ಕಿನಂತಹ ಮಹಾನಗರದಲ್ಲಿ ಬೆಲ್ ಸಂಸ್ಥೆಯ ಕಾರ್ ಫೋನು ಇದ್ದವರು ಐನೂರು ಚಿಲ್ಲರೆ ಮಂದಿ. ಸರದಿಯಲ್ಲಿ ಕಾದಿದ್ದವರು ಸಾವಿರಾರು.

ಏಕೆ ಹೀಗೆ? ಊರ ಜಾತ್ರೆಯನ್ನು ನೆನೆಸಿಕೊಳ್ಳಿ. ದೇವಸ್ಥಾನದ ಗೋಪುರಕ್ಕೆ ಕಟ್ಟಿದ ಧ್ವನಿವರ್ಧಕದಲ್ಲಿ ಒಬ್ಬರು ಮಾತನಾಡಿದರೆ ಊರಿಗೆ ಊರೇ ಕೇಳುತ್ತದೆ. ಅದೇ ಧ್ವನಿವರ್ಧಕದಲ್ಲಿ ಇನ್ನಿಬ್ಬರು ಮಾತನಾಡತೊಡಗಿದರೆ ಯಾರ ಮಾತೂ ತಿಳಿಯುವುದಿಲ್ಲ. ಆದರೆ ಅದೇ ಊರಿನ ನೂರು ಮನೆಗಳಲ್ಲಿ ನೂರು ಸಂಸಾರಗಳು ಮೆಲುದನಿಯಲ್ಲಿ ಮಾತನಾಡಿಕೊಂಡರೆ ಯಾರಿಗೂ ತೊಂದರೆಯಿಲ್ಲ. ಒಂದು ಎತ್ತರದ ಗೋಪುರದಿಂದ ಇಡೀ ನಗರಕ್ಕೆ ಕೇಳುವಂತೆ ರೇಡಿಯೋ ಅಲೆ ಕಳಿಸುವುದು ಧ್ವನಿವರ್ಧಕದ ಕ್ರಮ. ಪರಿಹಾರವಿದ್ದದ್ದು ಮೆಲುದನಿಯಲ್ಲಿ.

1947ರ ಡಿಸೆಂಬರಿನಲ್ಲಿ ಬೆಲ್ ಪ್ರಯೋಗಶಾಲೆಯ ಡಗ್ಲಾಸ್ ರಿಂಗ್ ಎಂಬ ಇಂಜಿನಿಯರ್ ಒಂದು ಟಿಪ್ಪಣಿ ಬರೆದ. ಅವನ ಸಹೋದ್ಯೋಗಿ ರೇ ಯಂಗ್‌ನ ಕಲ್ಪನೆಯೂ ಅದರಲ್ಲಿ ಸೇರಿತ್ತು. ನಗರವನ್ನು ಸಣ್ಣ ಸಣ್ಣ ಷಟ್ಕೋನ ಪ್ರದೇಶಗಳಾಗಿ ವಿಭಾಗಿಸಬೇಕು, ಪ್ರತಿಯೊಂದಕ್ಕೂ ಕಡಿಮೆ ಶಕ್ತಿಯ ಗೋಪುರವಿರಬೇಕು ಎಂಬುದು ಅದರ ಸಾರ. ಗೋಪುರದ ಅಲೆ ಪಕ್ಕದ ಪ್ರದೇಶದಾಚೆಗೆ ಬಲವಾಗಿ ಹೋಗದು. ಆದ್ದರಿಂದ ಒಂದು ಪ್ರದೇಶದಲ್ಲಿ ಬಳಸಿದ ರೇಡಿಯೋ ಆವರ್ತಾಂಕವನ್ನು ಸ್ವಲ್ಪ ದೂರದ ಇನ್ನೊಂದು ಪ್ರದೇಶದಲ್ಲಿ ಮತ್ತೆ ಬಳಸಬಹುದು.

ಲೆಕ್ಕ ಹಾಕಿ ನೋಡೋಣ. ನಿಮ್ಮ ಬಳಿ 70 ಮಾರ್ಗಗಳಿವೆ ಎಂದಿಟ್ಟುಕೊಳ್ಳಿ. ಒಂದೇ ಗೋಪುರವಿದ್ದರೆ ಒಮ್ಮೆಗೆ 70 ಸಂಭಾಷಣೆ. ಈಗ ನಗರವನ್ನು 70 ಭಾಗ ಮಾಡಿ. ಅಕ್ಕಪಕ್ಕದ 7 ಭಾಗಗಳನ್ನು ಒಂದು ಗುಂಪಾಗಿಸಿ, 70 ಮಾರ್ಗಗಳನ್ನು ಆ ಏಳಕ್ಕೆ ಹಂಚಿ. ಒಂದೊಂದಕ್ಕೆ 10 ಮಾರ್ಗ ಬಂತು. ಎಲ್ಲ ಗುಂಪಿನಲ್ಲಿಯೂ ಹೀಗೆಯೇ ಮಾಡಿದರೆ 70 ಭಾಗಗಳಲ್ಲಿ ಒಟ್ಟು 700 ಸಂಭಾಷಣೆ! ಭಾಗಗಳನ್ನು ಇನ್ನೂ ಕಿರಿದು ಮಾಡಿ 700ಕ್ಕೆ ಏರಿಸಿದರೆ 7,000. ಆಕಾಶ ಅಷ್ಟೇ, ಮಾರ್ಗಗಳೂ ಅಷ್ಟೇ. ಗೋಡೆಗಳನ್ನು ಹೆಚ್ಚಿಸಿದ್ದರಿಂದಲೇ ಜಾಗ ಹೆಚ್ಚಿತು. ಏಳರ ಗುಂಪು ಮೊದಲ ಕಾಲದ ಫೋನುಗಳ ಕ್ರಮ. ಈಗಿನ ವ್ಯವಸ್ಥೆಗಳಲ್ಲಿ ಹಂಚಿಕೆಯ ರೀತಿ ಬೇರೆ. ಆದರೆ ಮೂಲತತ್ತ್ವ ಇದೇ.

ಷಟ್ಕೋನವೇ ಏಕೆ? ಸಂದಿಲ್ಲದೆ ನೆಲವನ್ನು ಹಾಸಬಲ್ಲ ಸಮಭುಜ, ಸಮಕೋನ ಆಕೃತಿಗಳು ಮೂರೇ: ತ್ರಿಕೋನ, ಚೌಕ, ಷಟ್ಕೋನ. ಒಂದೇ ಅಳತೆಯ ವೃತ್ತದೊಳಗೆ ಇವನ್ನು ಬರೆದರೆ, ತ್ರಿಜ್ಯ 1 ಎಂದಾಗ, ತ್ರಿಕೋನದ ವಿಸ್ತೀರ್ಣ ಸುಮಾರು 1.3, ಚೌಕದ್ದು 2, ಷಟ್ಕೋನದ್ದು ಸುಮಾರು 2.6. ಅಂದರೆ ಷಟ್ಕೋನದಲ್ಲಿ ಅತಿ ಕಡಿಮೆ ಗೋಪುರಗಳಿಂದ ಅತಿ ಹೆಚ್ಚು ನೆಲವನ್ನು ತಲುಪಬಹುದು. ಒಂದು ಸಾಲಿನ ಚುಕ್ಕೆಗಳ ಸಂದಿಗೆ ಮುಂದಿನ ಸಾಲಿನ ಚುಕ್ಕೆ ಬರುವಂತೆ ನಿಮ್ಮ ಅಮ್ಮ ಅಂಗಳದಲ್ಲಿ ರಂಗೋಲಿ ಇಡುತ್ತಾರಲ್ಲ, ಪ್ರತಿ ಚುಕ್ಕೆಯೂ ಒಂದು ಗೋಪುರವೆಂದು ತಿಳಿಯಿರಿ. ಪ್ರತಿ ಗೋಪುರದ ಸುತ್ತ ತಾನಾಗಿಯೇ ಒಂದು ಷಟ್ಕೋನ ಮೂಡುತ್ತದೆ. ನಿಜವಾದ ನೆಲದ ಮೇಲೆ ಗುಡ್ಡ, ಕಟ್ಟಡ, ಮರಗಳಿಂದಾಗಿ ಈ ಆಕೃತಿ ಅಂಕುಡೊಂಕಾಗುವುದು ಬೇರೆ ಮಾತು.

ಕಾಗದದ ಮೇಲೆ ಈ ಚಿತ್ರ ಥೇಟ್ ಜೇನುತಟ್ಟಿ. ಅದರ ಖಾನೆಗೆ ಇಂಗ್ಲಿಷಿನಲ್ಲಿ ಹೆಸರು ಆಗಲೇ ಸಿದ್ಧವಿತ್ತು: 'ಸೆಲ್'. ಹಾಗೆ ಹಂಚಿದ ಪ್ರದೇಶಗಳಿಗೆ ಮುಂದೆ ಆ ಹೆಸರೇ ನಿಂತಿತು. ಆ ವ್ಯವಸ್ಥೆ 'ಸೆಲ್ಯುಲಾರ್' ವ್ಯವಸ್ಥೆ, ಆ ಫೋನು 'ಸೆಲ್ಯುಲಾರ್ ಫೋನ್', ಮಾತಿನ ಅವಸರದಲ್ಲಿ 'ಸೆಲ್ ಫೋನ್'. ಆದ್ದರಿಂದ ಗೆಳೆಯರೇ, ಸೆಲ್ ಇರುವುದು ಫೋನಿನ ಒಳಗಲ್ಲ. ಫೋನು ಇರುವುದು ಸೆಲ್ಲಿನ ಒಳಗೆ. ನೀವೂ ಅದರೊಳಗೇ ಇದ್ದೀರಿ.

ಬೆಂಗಳೂರಿನಿಂದ ಮೈಸೂರಿಗೆ ಬಸ್ಸಿನಲ್ಲಿ ಮಾತನಾಡುತ್ತಾ ಹೊರಟರೆ, ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ದಾಟುವಷ್ಟರಲ್ಲಿ ನಿಮ್ಮ ಕರೆ ಅದೆಷ್ಟೋ ಸೆಲ್ಲುಗಳನ್ನು ದಾಟಿರುತ್ತದೆ. ಒಂದು ಗೋಪುರ ನಿಮ್ಮನ್ನು ಮುಂದಿನ ಗೋಪುರಕ್ಕೆ ಒಪ್ಪಿಸುತ್ತದೆ. ಮಾತಿನ ಎಳೆ ಕಡಿಯುವುದಿಲ್ಲ. ಈ ಹಸ್ತಾಂತರವನ್ನು ಕ್ಷಣಮಾತ್ರದಲ್ಲಿ ನಿರ್ವಹಿಸಲು ವೇಗದ ಗಣಕಯಂತ್ರಗಳು ಬೇಕಾಗಿದ್ದವು. ಅದಕ್ಕಾಗಿಯೇ 1947ರ ಕಲ್ಪನೆ ಕಾರ್ಯರೂಪಕ್ಕೆ ಬರಲು ದಶಕಗಳು ಹಿಡಿದವು. 1973ರ ಏಪ್ರಿಲ್ 3ರಂದು ಮೋಟೊರೋಲಾ ಕಂಪನಿಯ ಮಾರ್ಟಿನ್ ಕೂಪರ್ ನ್ಯೂಯಾರ್ಕಿನ ಬೀದಿಯಲ್ಲಿ ನಿಂತು ಸುಮಾರು 1.1 ಕಿಲೋ ತೂಕದ ಕೈಫೋನಿನಿಂದ ಕರೆ ಮಾಡಿದ. ಕರೆ ಹೋದದ್ದು ಪ್ರತಿಸ್ಪರ್ಧಿ ಬೆಲ್ ಪ್ರಯೋಗಶಾಲೆಯ ಜೋಯಲ್ ಎಂಗೆಲ್‌ಗೆ! 1979ರಲ್ಲಿ ಜಪಾನಿನ ಟೋಕಿಯೋದಲ್ಲಿಯೂ, 1983ರಲ್ಲಿ ಅಮೆರಿಕದ ಷಿಕಾಗೋದಲ್ಲಿಯೂ ಸಾರ್ವಜನಿಕ ಸೇವೆ ಆರಂಭವಾಯಿತು. ನಮ್ಮ ದೇಶದಲ್ಲಿ 1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕಲ್ಕತ್ತೆಯಿಂದ ದೆಹಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖ್‌ರಾಮ್ ಅವರಿಗೆ ಮೊದಲ ಕರೆ ಮಾಡಿದರು.

'ನೆಟ್‌ವರ್ಕ್ ಇಲ್ಲ' ಎಂದರೆ

ಪದದ ಮೂಲ ತಿಳಿದು ಆಗಬೇಕಾದ್ದೇನು ಎಂದು ಕೇಳುವವರಿದ್ದಾರೆ. ಅವರಿಗಾಗಿ ಒಂದು ಪ್ರಸಂಗ.

2020ರ ಮಾರ್ಚಿನಲ್ಲಿ ಕೊರೋನಾ ಕಾರಣದಿಂದ ಶಾಲೆ ಕಾಲೇಜುಗಳು ಮುಚ್ಚಿ ಪಾಠಗಳು ಫೋನಿಗೆ ಬಂದವು. ಆಗ ಮಲೆನಾಡು, ಕರಾವಳಿಯ ಎಷ್ಟೋ ಮಕ್ಕಳು ಮಳೆಯಲ್ಲಿ ಕೊಡೆ ಹಿಡಿದು, ಗುಡ್ಡ ಹತ್ತಿ ಕುಳಿತು ಪಾಠ ಕೇಳಿದ್ದನ್ನು ನೀವು ಬಲ್ಲಿರಿ. ನಿಮ್ಮಲ್ಲಿ ಕೆಲವರು ಹಾಗೆ ಕುಳಿತವರೇ ಇರಬಹುದು. ನನ್ನ ಊರಿನ ಕಡೆಯ ಒಬ್ಬ ತಂದೆ, ಮಗನ ಫೋನಿಗೆ ನೆಟ್‌ವರ್ಕ್ ಬರುವುದಿಲ್ಲವೆಂದು, ಅಡಿಕೆ ಮಾರಿದ ಹಣದಲ್ಲಿ ಹೊಸ ಫೋನು ತಂದರು. ಅದರಲ್ಲಿಯೂ ಗೆರೆ ಮೂಡಲಿಲ್ಲ. ಸಾಲ ಮಾಡಿ ಇನ್ನೂ ದುಬಾರಿಯಾದ ಮತ್ತೊಂದು ತಂದರು. ಅದರಲ್ಲಿಯೂ ಇಲ್ಲ. ಮನೆ ಇದ್ದದ್ದು ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿ. ಅಲ್ಲಿಗೆ ಯಾವ ಗೋಪುರದ ಅಲೆಯೂ ಇಳಿಯುತ್ತಿರಲಿಲ್ಲ. ತೊಂದರೆ ಇದ್ದದ್ದು ಫೋನಿನಲ್ಲಲ್ಲ. ಅವರ ಮನೆ ಯಾವ ಸೆಲ್ಲಿನೊಳಗೂ ಇರಲಿಲ್ಲ.

ಸೆಲ್ ಎಂದರೆ ಯಂತ್ರದ ಹೆಸರೆಂದು ತಿಳಿದವರು ಯಂತ್ರವನ್ನು ಬದಲಿಸುತ್ತಾರೆ. ಸೆಲ್ ಎಂದರೆ ನೆಲದ ಮೇಲಿನ ಒಂದು ಕೋಣೆ, ಅದನ್ನು ಯಾರೋ ಕಟ್ಟಬೇಕು ಎಂದು ತಿಳಿದವರು, "ನಮ್ಮ ಕಣಿವೆಗೆ ಗೋಪುರ ಏಕಿಲ್ಲ?" ಎಂದು ಗ್ರಾಮಸಭೆಯಲ್ಲಿ ಕೇಳುತ್ತಾರೆ, ಅರ್ಜಿ ಬರೆಯುತ್ತಾರೆ. ಮೊದಲನೆಯವರು ತಮ್ಮ ಹಣೆಬರಹವನ್ನು ಹಳಿಯುತ್ತಾರೆ. ಎರಡನೆಯವರು ಸರಿಯಾದ ಬಾಗಿಲನ್ನು ತಟ್ಟುತ್ತಾರೆ. ಆ ಬಾಗಿಲು ಬೇಗ ತೆರೆಯುತ್ತದೆಂದು ನಾನು ಭರವಸೆ ಕೊಡಲಾರೆ. ಆದರೆ ತಟ್ಟಬೇಕಾದ ಬಾಗಿಲು ಯಾವುದೆಂದಾದರೂ ತಿಳಿದಿರಬೇಕಲ್ಲವೇ?

ಕನ್ನಡದಲ್ಲಿ ಏನೆನ್ನೋಣ?

ಕೊನೆಯದಾಗಿ, ಹೆಸರುಗಳ ಮಾತು. ಒಂದೇ ವಸ್ತುವನ್ನು ಜನ ಬೇರೆ ಬೇರೆ ಕಣ್ಣಿನಿಂದ ನೋಡಿದ್ದಾರೆ. ಅಮೆರಿಕದವರಿಗೆ ಅದು ಸೆಲ್ ಫೋನ್. ಅವರು ಕಂಡದ್ದು ಹಿಂದಿನ ವ್ಯವಸ್ಥೆಯನ್ನು. ಬ್ರಿಟಿಷರಿಗೆ ಮೊಬೈಲ್, ಅದು ಚಲನೆಯ ಅರ್ಥದ ಲ್ಯಾಟಿನ್ ಪದ. ಚೀನಿಯರು 'ಷೌಜಿ', ಅಂದರೆ ಕೈಯಂತ್ರ ಎಂದರು. ಜಪಾನೀಯರು ಒಯ್ಯುವುದು ಎಂಬರ್ಥದಲ್ಲಿ 'ಕೇತಾಯ್' ಎಂದರು. ಜರ್ಮನರು ಇಂಗ್ಲಿಷಿನಿಂದಲೇ ತೆಗೆದು, ಇಂಗ್ಲಿಷರಿಗೇ ಹೊಸದಾದ ಅರ್ಥದಲ್ಲಿ, 'ಹ್ಯಾಂಡಿ' ಎಂದರು. ಅರಬ್ಬರಲ್ಲಿ 'ಜವ್ವಾಲ್' ಎಂಬ ಹೆಸರುಂಟು, ಅಲೆಮಾರಿ ಎಂದರ್ಥ.

ನಮ್ಮಲ್ಲಿ 'ಸಂಚಾರಿ ದೂರವಾಣಿ', 'ಚರವಾಣಿ', 'ಜಂಗಮವಾಣಿ' ಎಂಬ ಪದಗಳು ಬಂದವು. ಇವುಗಳಲ್ಲಿ ನನಗೆ ಇಷ್ಟವಾದದ್ದು ಜಂಗಮವಾಣಿ. ಸ್ಥಾವರ-ಜಂಗಮಗಳ ವಿಚಾರ ಹನ್ನೆರಡನೆಯ ಶತಮಾನದ ಶರಣರಿಂದ ನಮ್ಮ ಜನರ ಬಾಯಲ್ಲಿ ನೆಲೆಸಿದ್ದು. ಹಳೆಯ ಮಾತಿಗೆ ಹೊಸ ಕೆಲಸ ಕೊಟ್ಟ ಜಾಣ್ಮೆ ಈ ಪದದಲ್ಲಿದೆ. ಆದರೂ ಬೀದಿಯಲ್ಲಿ, ಬಸ್ಸಿನಲ್ಲಿ, ಸಂತೆಯಲ್ಲಿ ಗೆದ್ದದ್ದು 'ಮೊಬೈಲು'. ಉಕಾರ ಹಚ್ಚಿಕೊಂಡು 'ಮೊಬೈಲಿಗೆ', 'ಮೊಬೈಲಿನಲ್ಲಿ' ಎಂದು ನಮ್ಮ ವಿಭಕ್ತಿಗಳಿಗೆ ಒಗ್ಗಿದ ಮೇಲೆ ಅದನ್ನು ಪರಕೀಯವೆನ್ನುವುದು ಹೇಗೆ? ಅದೂ ಇರಲಿ, ಇದೂ ಇರಲಿ.

ಸೆಲ್ ಎಂಬುದಕ್ಕೆ ಮಾತ್ರ ನಮ್ಮ ಹಿರಿಯರು ಆರಿಸಿದ ಪದಕ್ಕೆ ನಾನು ತಲೆಬಾಗುತ್ತೇನೆ. ಅದು 'ಕೋಶ'. ಜೀವವಿಜ್ಞಾನದಲ್ಲಿ ಜೀವಕೋಶ, ಭೌತವಿಜ್ಞಾನದಲ್ಲಿ ವಿದ್ಯುತ್ಕೋಶ, ಸರ್ಕಾರಿ ಕಚೇರಿಯಲ್ಲಿ ಮಹಿಳಾ ಕೋಶ. ಸಂಸ್ಕೃತದಲ್ಲಿ ಕೋಶವೆಂದರೆ ಭಂಡಾರ, ಕತ್ತಿಯ ಒರೆ, ಹೂವಿನ ಮೊಗ್ಗು, ರೇಷ್ಮೆಹುಳುವಿನ ಗೂಡು. ಕೌಟಿಲ್ಯ ಹೇಳುವ ರಾಜ್ಯದ ಏಳು ಅಂಗಗಳಲ್ಲಿ ಕೋಶವೂ ಒಂದು. ಪದಗಳನ್ನು ಕೂಡಿಟ್ಟರೆ ಶಬ್ದಕೋಶ. ರೋಮನ್ನರ ಸೆಲ್ಲಾ ಹೇಗೆ ಉಗ್ರಾಣವೋ ನಮ್ಮ ಕೋಶವೂ ಹಾಗೆಯೇ ಉಗ್ರಾಣ. ಸಾವಿರಾರು ಮೈಲಿ ದೂರದ ಎರಡು ಪದಗಳ ಹೊಟ್ಟೆಯೊಳಗೆ ಒಂದೇ ಅರ್ಥವಿರುವುದನ್ನು ಕಂಡು ಜೋಡಿಸಿದವರು ಎರಡೂ ಕಡೆಯ ಮಾತನ್ನು ಚೆನ್ನಾಗಿ ಬಲ್ಲವರೇ ಆಗಿರಬೇಕು.

ನಿಮಗೆ ಒಂದು ಸಣ್ಣ ಅಭ್ಯಾಸ. ಮನೆಗೆ ಹೋದ ಮೇಲೆ ನೀವು ದಿನವೂ ಬಳಸುವ ಮೂರು ಹೊಸ ಪದಗಳನ್ನು ಬರೆದುಕೊಳ್ಳಿ: ಸಿಮ್, ಟವರು, ಚಾರ್ಜು, ಯಾವುದಾದರೂ ಆದೀತು. ಮೊದಲು ನಿಮಗೆ ತೋಚಿದ ಅರ್ಥವನ್ನು ಧೈರ್ಯವಾಗಿ ಬರೆಯಿರಿ. ಆಮೇಲೆ ನಿಘಂಟನ್ನು ತೆರೆಯಿರಿ. ನಿಮ್ಮ ಊಹೆ ತಪ್ಪಾಗಿದ್ದರೆ ನಾಚಬೇಡಿ. ಎಷ್ಟು ದೂರ ಸರಿಯಾಗಿ ಬಂದಿದ್ದಿರಿ, ಎಲ್ಲಿ ದಾರಿ ತಪ್ಪಿತು ಎಂಬುದನ್ನು ನೋಡಿಕೊಳ್ಳಿ. ನಿಜವಾದ ಕಲಿಕೆ ಇರುವುದು ಆ ತಿರುವಿನಲ್ಲಿ.

ಆ ಹುಡುಗಿಗೆ ನಾನು ಉತ್ತರ ಹೇಳಿದೆನೇ ಎಂದು ಕೇಳುತ್ತೀರಾ? ಹೇಳಿದೆ. ಮುಂದಿನ ವಾರ ಅದೇ ತರಗತಿಯಲ್ಲಿ, ಎಲ್ಲರೆದುರಿಗೆ, ಕಪ್ಪು ಹಲಗೆಯ ಮೇಲೆ ಜೇನುತಟ್ಟಿಯ ಚಿತ್ರ ಬರೆದು ವಿವರಿಸಿದೆ. ನಕ್ಕದ್ದು ನನ್ನ ತಪ್ಪು ಎಂದೂ ಹೇಳಿದೆ. ಆಕೆ ಸ್ವಲ್ಪ ಹೊತ್ತು ಚಿತ್ರವನ್ನು ನೋಡಿ, "ಹಾಗಾದರೆ ಸಾರ್, ನಮ್ಮ ಮನೆ ಇದರಲ್ಲಿ ಯಾವ ಖಾನೆಯಲ್ಲಿದೆ?" ಎಂದಳು.

ಅದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ನನ್ನ ತರಗತಿಯಲ್ಲಿ ನಾನು ಕೇಳಿಲ್ಲ. ನೀವೂ ಕೇಳಿಕೊಳ್ಳಿ.